ಓದೋ, ಆಟವೋ? – ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹುಡುಗರ ಕಥೆ



ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದಳು. ಅವಳ ಮಗ ಓದುವ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ಆಡುವ ಹುಡುಗನೊಬ್ಬನಿದ್ದಾನಂತೆ. ಅವನು ಯಾವ ಕಾಲೇಜಿಗೆ ಸೇರಬೇಕು, ಎಷ್ಟು ವರ್ಷ ಅಲ್ಲಿರಬೇಕು, ಯಾವಾಗ ವೃತ್ತಿಪರ ಆಟಗಾರನಾಗಬೇಕು ಎಂಬುದೇ ಆ ಊರಿನವರ ನಿತ್ಯದ ಚರ್ಚೆಯಂತೆ. "ಮಾವ, ಅವನು ಏನನ್ನು ಓದಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನೀವು ಇತಿಹಾಸದ ಮೇಷ್ಟ್ರು. ಇದೆಲ್ಲ ಹೇಗೆ ಶುರುವಾಯಿತು, ಹೇಳಿ ನೋಡೋಣ" ಎಂದಳು.

ಆ ಕ್ಷಣಕ್ಕೆ ಉತ್ತರ ಹೇಳಲಾಗಲಿಲ್ಲ. ಅನಂತರ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನನಗಿರುವ ಆಸಕ್ತಿಗೆ ಬೇರೊಂದು ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲಿಗೆ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದವರು ಒಬ್ಬ ಮೇಷ್ಟ್ರು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗೋಡೆಗೆ ಕಟ್ಟಿಸಿ ಹದಿಮೂರು ನಿಯಮಗಳನ್ನು ಬರೆದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿ ಅಲ್ಲಿಯೂ ಈ ಆಟವನ್ನು ಬೆಳೆಸಿದರು. ಹೀಗೆ ಶಾಲೆಯ ಕೋಣೆಯೊಳಗೆ ಹುಟ್ಟಿದ ಆಟ ಕಾಲೇಜುಗಳ ಅಂಗಳದಲ್ಲಿಯೇ ದೊಡ್ಡದಾಯಿತು.

ನಮ್ಮಲ್ಲಿ ಕುಸ್ತಿ ಗರಡಿಮನೆಯಲ್ಲಿ ಬೆಳೆಯಿತು, ಕ್ರಿಕೆಟ್ ಕ್ಲಬ್ಬುಗಳಲ್ಲಿ ಬೆಳೆಯಿತು, ಹಾಕಿ ಮತ್ತು ವಾಲಿಬಾಲ್‌ಗಳು ಸೇನೆ, ರೈಲ್ವೆ, ಕಾರ್ಖಾನೆಗಳ ತಂಡಗಳಲ್ಲಿ ಬೆಳೆದವು. ಅಮೆರಿಕದಲ್ಲಿ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗಳಿಗೆ ಕಾಲೇಜೇ ತವರುಮನೆ. ಅಲ್ಲಿ ಆಟ ಮತ್ತು ಓದುಗಳ ನಡುವಿನ ಜಗಳ ಇಷ್ಟು ದೊಡ್ಡದಾಗಲು ಇದೇ ಮೂಲ ಕಾರಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲೇಜು ಫುಟ್‌ಬಾಲ್ ಎಷ್ಟು ಒರಟಾಗಿತ್ತೆಂದರೆ ಮೈದಾನದಲ್ಲಿಯೇ ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಲು ಹೇಳಬೇಕಾಯಿತು. ಮರುವರ್ಷ ಸ್ಥಾಪನೆಯಾದ ಕಾಲೇಜುಗಳ ಕ್ರೀಡಾ ಒಕ್ಕೂಟವೇ ಮುಂದೆ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಕಾಲೇಜಿನ ಆಟಗಾರ ಹವ್ಯಾಸಿ, ಅವನು ಹಣಕ್ಕಾಗಿ ಆಡಕೂಡದು ಎಂಬುದು ಅದರ ಮೂಲಮಂತ್ರ. 1956ರಲ್ಲಿ ಆಟದ ಯೋಗ್ಯತೆಯನ್ನೇ ನೋಡಿ ಬೋಧನಾ ಶುಲ್ಕ, ಊಟ, ವಸತಿಗಳಿಗೆ ಪೂರ್ಣ ವಿದ್ಯಾರ್ಥಿವೇತನ ನೀಡಲು ಒಕ್ಕೂಟ ಒಪ್ಪಿತು. ಅದಕ್ಕಿಂತ ಹೆಚ್ಚಿಗೆ ಪಡೆದವನು ಆಡುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಿದ್ದ.

ಆ ಕಾಲದಲ್ಲಿಯೇ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದ ಬಳಕೆಗೆ ಬಂದಿತು. ಕೇಳಲು ಎಷ್ಟು ಸೊಗಸಾದ ಪದ! ಆದರೆ ಅದರ ಹುಟ್ಟಿನ ಹಿಂದೆ ಒಂದು ಸಾವಿನ ನೆರಳಿದೆ. 1955ರಲ್ಲಿ ಕೊಲೊರಾಡೊದ ಕಾಲೇಜೊಂದರ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ಎಂಬಾತ ತಲೆಗೆ ಪೆಟ್ಟಾಗಿ ಮೃತನಾದ. ದುಡಿಯುವಾಗ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವನ ವಿಧವೆ ಕೇಳಿದಳು. ಆತ ಕಾಲೇಜಿನ ನೌಕರನಲ್ಲವೆಂದು 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆಕೆಯ ಕೋರಿಕೆಯನ್ನು ತಳ್ಳಿಹಾಕಿತು. ಆಟಗಾರನನ್ನು ನೌಕರನೆಂದು ಯಾರೂ ಕರೆಯದಿರಲಿ ಎಂಬ ಉದ್ದೇಶದಿಂದಲೇ ಆ ಪದವನ್ನು ರೂಢಿಗೆ ತಂದೆವೆಂದು, 1951ರಿಂದ 1987ರವರೆಗೆ ಒಕ್ಕೂಟವನ್ನು ನಡೆಸಿದ ವಾಲ್ಟರ್ ಬೈಯರ್ಸ್ 1995ರಲ್ಲಿ ಪ್ರಕಟವಾದ ತಮ್ಮ ನೆನಪಿನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ತಾವೇ ಕಟ್ಟಿದ ವ್ಯವಸ್ಥೆಯನ್ನು ಮುಪ್ಪಿನಲ್ಲಿ ತಾವೇ ಟೀಕಿಸಿದವರು ಅವರು.

ಇತ್ತ ವೃತ್ತಿಪರ ಆಟದ ಸಂಸ್ಥೆಯಾದ ಎನ್‌ಬಿಎ ಕೂಡ ಒಂದು ನಿಯಮ ಮಾಡಿಕೊಂಡಿತ್ತು. ಹೈಸ್ಕೂಲು ಮುಗಿದು ನಾಲ್ಕು ವರ್ಷ ತುಂಬದ ಹೊರತು ಯಾವ ಹುಡುಗನನ್ನೂ ಸೇರಿಸಿಕೊಳ್ಳುವಂತಿರಲಿಲ್ಲ. ಇದರಿಂದ ಎರಡೂ ಕಡೆಗೆ ಲಾಭ. ಒಳ್ಳೆಯ ಆಟಗಾರರು ನಾಲ್ಕು ವರ್ಷ ಕಾಲೇಜಿಗೆ ಉಳಿಯುತ್ತಿದ್ದರು. ವೃತ್ತಿಪರ ತಂಡಗಳಿಗೆ ತರಬೇತಿಯಾದ, ಊರೂರಿಗೆ ಹೆಸರು ಗೊತ್ತಿರುವ ಆಟಗಾರರು ಬಿಟ್ಟಿಯಾಗಿ ದೊರೆಯುತ್ತಿದ್ದರು. ಹುಡುಗನ ಲಾಭನಷ್ಟವನ್ನು ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ವಿಲ್ಟ್ ಚೇಂಬರ್ಲೇನ್‌ನಂಥ ಮಹಾನ್ ಆಟಗಾರನೇ 1958ರಲ್ಲಿ ಮೂರನೆಯ ವರ್ಷದ ಅನಂತರ ಕ್ಯಾನ್ಸಸ್ ವಿಶ್ವವಿದ್ಯಾಲಯ ಬಿಟ್ಟಾಗ, ಎನ್‌ಬಿಎ ಬಾಗಿಲು ಮುಚ್ಚಿದ್ದರಿಂದ, ಒಂದು ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಪ್ರದರ್ಶನ ತಂಡದೊಂದಿಗೆ ಊರೂರು ಸುತ್ತಬೇಕಾಯಿತು.

ಆ ಬಾಗಿಲನ್ನು ಒಡೆದವನು ಸ್ಪೆನ್ಸರ್ ಹೇವುಡ್. 1949ರಲ್ಲಿ ಮಿಸಿಸಿಪ್ಪಿ ರಾಜ್ಯದ ಸಿಲ್ವರ್ ಸಿಟಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಕಪ್ಪು ಹುಡುಗ. ಮನೆತುಂಬ ಮಕ್ಕಳು, ತಾಯಿ ಹತ್ತಿ ಬಿಡಿಸುವ ಕೂಲಿ. ಹೇವುಡ್ ಕೂಡ ಬಾಲ್ಯದಲ್ಲಿ ಹತ್ತಿಯ ಹೊಲದಲ್ಲಿ ದುಡಿದವನೇ. ಹತ್ತೊಂಬತ್ತನೆಯ ವಯಸ್ಸಿಗೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನದ ಪದಕ ಗೆದ್ದುಕೊಟ್ಟ ತಂಡದ ಮುಖ್ಯ ಆಟಗಾರನಾದ. ದೇಶಕ್ಕೆ ಚಿನ್ನ ತಂದರೂ ತಾಯಿಯ ಬಡತನ ಹಾಗೆಯೇ ಇತ್ತು.

ಆಗ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿ 1967ರಲ್ಲಿ ಆರಂಭವಾಗಿದ್ದ ಎಬಿಎ ಎಂಬ ಸಂಸ್ಥೆ, 'ಕಡುಕಷ್ಟದ ವಿನಾಯಿತಿ' ಎಂದು ಹೇಳಿ 1969ರಲ್ಲಿ ಅವನನ್ನು ಸೇರಿಸಿಕೊಂಡಿತು. ಮೊದಲ ವರ್ಷವೇ ಆತ ಆ ಸಂಸ್ಥೆಯ ಅತ್ಯುತ್ತಮ ಆಟಗಾರನೆನಿಸಿದ. ಮರುವರ್ಷ ಎನ್‌ಬಿಎಯ ಸಿಯಾಟಲ್ ತಂಡ ಅವನೊಡನೆ ಒಪ್ಪಂದ ಮಾಡಿಕೊಂಡಿತು. ನಾಲ್ಕು ವರ್ಷದ ನಿಯಮವನ್ನು ಮುರಿದುದಕ್ಕಾಗಿ ಎನ್‌ಬಿಎ ತನ್ನದೇ ತಂಡದ ಮೇಲೆ ಹರಿಹಾಯ್ದಿತು. ಹೇವುಡ್ ನ್ಯಾಯಾಲಯಕ್ಕೆ ಹೋದ. ದುಡಿಯಬಲ್ಲವನನ್ನು ಎಲ್ಲ ಮಾಲೀಕರೂ ಒಟ್ಟುಗೂಡಿ ಹೊರಗಿಡುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂಬುದು ಅವನ ವಾದ. ಅವನು ಆಡುವುದಕ್ಕೆ ಯಾರೂ ಅಡ್ಡಿಪಡಿಸಬಾರದೆಂಬ ಆಜ್ಞೆಯನ್ನು 1971ರ ಮಾರ್ಚ್ 1ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎತ್ತಿಹಿಡಿದರು. ಎನ್‌ಬಿಎ ರಾಜಿಗೆ ಬಂದಿತು. ಎದುರಾಳಿ ಊರುಗಳಲ್ಲಿ ಅವನು ಅಂಕಣಕ್ಕೆ ಇಳಿದಾಗ 'ಕಾನೂನುಬಾಹಿರ ಆಟಗಾರ ಕಣದಲ್ಲಿದ್ದಾನೆ' ಎಂದು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರೆಂದು ಆತ ಮುಂದೆ ಅನೇಕ ಸಲ ನೆನಪಿಸಿಕೊಂಡಿದ್ದಾನೆ. ಇಪ್ಪತ್ತೊಂದು ವರ್ಷದ ಹುಡುಗನಿಗೆ ಅದು ಹೇಗನ್ನಿಸಿರಬೇಡ!

ಅದೇ ವರ್ಷ ಎನ್‌ಬಿಎ ಹೊಸ ನಿಯಮ ತಂದಿತು. ಕಾಲೇಜು ಮುಗಿಸದ ಹುಡುಗನೂ ಬರಬಹುದು. ಆದರೆ ಮನೆಯಲ್ಲಿ ಹಣದ ಅಡಚಣೆ ಇದೆಯೆಂದು ಆತ ತೋರಿಸಬೇಕು. ಇದನ್ನು ಓದಿದಾಗ ನನಗೆ ನಮ್ಮ ತಾಲ್ಲೂಕು ಕಚೇರಿಯ ಮುಂದೆ ಆದಾಯ ಪ್ರಮಾಣಪತ್ರಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಿದ್ದ ನಿಮ್ಮ ತಂದೆತಾಯಿಯರ ನೆನಪಾಯಿತು. 1976ರಲ್ಲಿ ಆ ಷರತ್ತನ್ನೂ ಕೈಬಿಡಲಾಯಿತು.

ಬಾಗಿಲು ತೆರೆದ ಮೇಲೆ ಒಳಗೆ ಹೋದವರ ಕಥೆಗಳು ಬಗೆಬಗೆಯವು. 1974ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನ ಮೋಸೆಸ್ ಮಲೋನ್ ಕಾಲೇಜಿನ ಮೆಟ್ಟಿಲನ್ನೇ ಹತ್ತದೆ, ಹೈಸ್ಕೂಲಿನಿಂದ ನೇರವಾಗಿ ಎಬಿಎಯ ಯೂಟಾ ತಂಡ ಸೇರಿದ. ಆತ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬರುವೆನೆಂದು ಮಾತು ಕೊಟ್ಟಿದ್ದ. ಅಂಗಡಿಯಲ್ಲಿ ದುಡಿದು ಒಬ್ಬಳೇ ಅವನನ್ನು ಸಾಕಿದ ತಾಯಿಯ ಸ್ಥಿತಿ ಬಲ್ಲವರು ಅವನನ್ನು ದೂರಲಾರರು. ಮುಂದೆ ಮೂರು ಸಲ ಎನ್‌ಬಿಎಯ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದು, 1983ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟ.

1975ರಲ್ಲಿ ಡ್ಯಾರಿಲ್ ಡಾಕಿನ್ಸ್ ಮತ್ತು ಬಿಲ್ ವಿಲ್ಲೊಬಿ ಎಂಬ ಇಬ್ಬರು ಹುಡುಗರು ಅದೇ ಹಾದಿ ಹಿಡಿದರು. ಡಾಕಿನ್ಸ್ ಬಹುಕಾಲ ಆಡಿ ಜನಪ್ರಿಯನಾದ. ವಿಲ್ಲೊಬಿ ಎಂಟು ಋತುಗಳಲ್ಲಿ ಆರು ತಂಡಗಳನ್ನು ಸುತ್ತಿ ಇನ್ನೂ ಎಳೆಯ ವಯಸ್ಸಿನಲ್ಲಿಯೇ ಆಟದಿಂದ ಹೊರಬಿದ್ದ. ನಡುವಯಸ್ಸಿನಲ್ಲಿ ಕಾಲೇಜಿಗೆ ಸೇರಿ ಪದವಿ ಪಡೆದ. ಅವನ ಉದಾಹರಣೆ ತೋರಿಸಿ ಹುಡುಗರನ್ನು ಹೆದರಿಸುವುದು ರೂಢಿಯಾಯಿತು. ಅನಂತರ ಇಪ್ಪತ್ತು ವರ್ಷ ಯಾವ ತಂಡವೂ ಹೈಸ್ಕೂಲಿನ ಅಂಗಳದಿಂದ ನೇರವಾಗಿ ಹುಡುಗನೊಬ್ಬನನ್ನು ಆರಿಸಿ ಆಡಿಸಲಿಲ್ಲ.

1995ರಲ್ಲಿ ಮಿನೆಸೋಟ ತಂಡ ಕೆವಿನ್ ಗಾರ್ನೆಟ್‌ನನ್ನು ಐದನೆಯವನಾಗಿ ಆರಿಸಿಕೊಂಡಾಗ ಕಾಲ ಬದಲಾಯಿತು. ಎರಡೇ ವರ್ಷಗಳಲ್ಲಿ ಅವನೊಡನೆ ಆರು ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರುಗಳ ಒಪ್ಪಂದವಾಯಿತು. 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಬಂದರು. 1995ರಿಂದ 2005ರವರೆಗೆ ಹೀಗೆ ನೇರವಾಗಿ ಆಯ್ಕೆಯಾದವರು ಸುಮಾರು 40 ಮಂದಿ.

ಗಾಳಿ ಬಂದಾಗ ತೂರಿಕೊ ಎನ್ನುವುದು ನಮ್ಮ ಗಾದೆ. ಆದರೆ ಗಾಳಿ ಎಲ್ಲರ ಕಣಕ್ಕೂ ಬೀಸುವುದಿಲ್ಲ. 1998ರಲ್ಲಿ ಡೆಟ್ರಾಯಿಟ್ ತಂಡಕ್ಕೆ 40ನೆಯವನಾಗಿ ಆಯ್ಕೆಯಾದ ಕಾರ್ಲಿಯೋನ್ ಯಂಗ್ ಎನ್‌ಬಿಎಯಲ್ಲಿ ಆಡಿದ್ದು ಮೂರೇ ಪಂದ್ಯ. ಲೆಬ್ರಾನನಿಗೆ ಸಮನೆಂದು ಒಂದು ಕಾಲಕ್ಕೆ ಹೇಳಲಾಗುತ್ತಿದ್ದ ಲೆನಿ ಕುಕ್ 2002ರಲ್ಲಿ ಹೆಸರು ಕೊಟ್ಟು ಕಾದು ಕುಳಿತ; ಒಂದು ತಂಡವೂ ಅವನ ಹೆಸರನ್ನು ಕರೆಯಲಿಲ್ಲ. ದಲ್ಲಾಳಿಯೊಡನೆ ಕರಾರು ಮಾಡಿಕೊಂಡ ಹುಡುಗನಿಗೆ ಆಗ ಕಾಲೇಜಿನ ಆಟದ ಬಾಗಿಲೂ ಮುಚ್ಚುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರಬೇಕು.

2005ರಲ್ಲಿ ಎನ್‌ಬಿಎ ಮತ್ತು ಆಟಗಾರರ ಸಂಘ ಒಪ್ಪಂದ ಮಾಡಿಕೊಂಡು ಹತ್ತೊಂಬತ್ತು ವರ್ಷದ ಮಿತಿ ಹಾಕಿದವು. ಅಮೆರಿಕದ ಹುಡುಗನಾದರೆ ಹೈಸ್ಕೂಲಿನ ಅನಂತರ ಒಂದು ವರ್ಷ ಕಳೆದಿರಬೇಕು. ಸಂಘವೇ ಸಹಿ ಹಾಕಿದ ನಿಯಮವಾದ್ದರಿಂದ ಅದನ್ನು ನ್ಯಾಯಾಲಯದಲ್ಲಿ ಮುರಿಯುವುದು ಕಷ್ಟ. ಇದಕ್ಕೆ ಮೊದಲೇ, 2004ರಲ್ಲಿ, ಮೂರು ವರ್ಷ ಕಾಯಬೇಕೆಂಬ ವೃತ್ತಿಪರ ಫುಟ್‌ಬಾಲಿನ ನಿಯಮವನ್ನು ಮಾರಿಸ್ ಕ್ಲಾರೆಟ್ ಎಂಬ ಹುಡುಗ ಪ್ರಶ್ನಿಸಿದ್ದ. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು ಮೇಲ್ಮನವಿಯಲ್ಲಿ ಸೋತ. ಆ ತೀರ್ಪು ಬರೆದವರು ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೇರಿದ ಸೋನಿಯಾ ಸೊಟೊಮೇಯರ್. ಕ್ಲಾರೆಟ್ ಮುಂದೆ ಆಯ್ಕೆಯಾದರೂ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. ಅಪರಾಧವೊಂದರಲ್ಲಿ ಸಿಲುಕಿ ಸೆರೆಮನೆ ಸೇರಿದ.

ಬ್ಯಾಸ್ಕೆಟ್‌ಬಾಲಿನ ಹೊಸ ನಿಯಮದಿಂದ ಓದಿಗೆ ಲಾಭವಾಯಿತೇ ಎಂದರೆ, ಮೇಷ್ಟ್ರಾಗಿ ನನಗೆ ಹಾಗನ್ನಿಸುವುದಿಲ್ಲ. ಆಗಸ್ಟಿನಲ್ಲಿ ಕಾಲೇಜಿಗೆ ಬಂದು ಏಪ್ರಿಲಿನಲ್ಲಿ ಹೊರಟುಹೋಗುವ ಹುಡುಗ ಏನನ್ನು ಕಲಿತಾನು? 2025ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಕೂಪರ್ ಫ್ಲ್ಯಾಗ್, ನನ್ನ ಸೊಸೆಯ ಊರಿಗೆ ದೂರವಲ್ಲದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಡಿದ್ದು ಒಂದೇ ವರ್ಷ. ಬೇಸ್‌ಬಾಲಿನಲ್ಲಿ ಬೇರೆ ಪದ್ಧತಿಯಿದೆ. ಅಲ್ಲಿ ಹೈಸ್ಕೂಲು ಮುಗಿದೊಡನೆ ವೃತ್ತಿಪರನಾಗಬಹುದು. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಮೂರು ವರ್ಷ ಮುಗಿಯಬೇಕು, ಇಲ್ಲವೇ ಇಪ್ಪತ್ತೊಂದು ತುಂಬಬೇಕು. ಹುಡುಗನಿಗೆ ಆಯ್ಕೆಯೂ ಇದೆ, ಆಯ್ಕೆಯಾದ ಮೇಲೆ ಓದಲು ಸಮಯವೂ ಇದೆ. ಅದು ಹೆಚ್ಚು ಪ್ರಾಮಾಣಿಕವಾದ ಏರ್ಪಾಡೆಂದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಕಾಲೇಜುಗಳ ಹವ್ಯಾಸಿ ಮಂತ್ರವೂ ಸಡಿಲವಾಗತೊಡಗಿತ್ತು. 1995ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ತಂಡವನ್ನು ಗೆಲ್ಲಿಸಿದ ಎಡ್ ಒಬ್ಯಾನನ್, ತನ್ನ ರೂಪವನ್ನು ಹೋಲುವ ಆಟಗಾರ ವಿಡಿಯೋ ಆಟದಲ್ಲಿ ಮಾರಾಟವಾಗುತ್ತಿರುವುದನ್ನು ಕಂಡು 2009ರಲ್ಲಿ ಮೊಕದ್ದಮೆ ಹೂಡಿದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವನ ಪರವಾಗಿ ತೀರ್ಪಿತ್ತರು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಒಕ್ಕೂಟದ ವಿರುದ್ಧ ನಿಂತರು. ಮರುತಿಂಗಳ ಒಂದನೆಯ ತಾರೀಖಿನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳಿಂದ ಜಾಹೀರಾತಿನ ಹಣ ಗಳಿಸಲು ಅನುಮತಿ ದೊರೆಯಿತು. 2025ರ ಜೂನಿನಲ್ಲಿ ವಿಲ್ಕೆನ್ ಅವರೇ ಒಪ್ಪಿಗೆ ನೀಡಿದ ರಾಜಿಯಂತೆ, ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರು ಪರಿಹಾರ. ಇನ್ನುಮುಂದೆ ಪ್ರತಿಯೊಂದು ಕಾಲೇಜೂ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಅದರ ಮಿತಿ ಮೊದಲ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರು.

ಇದರ ಪರಿಣಾಮವನ್ನು ನೋಡಿ. 2021ರಲ್ಲಿ ಅವಧಿಗೆ ಮೊದಲೇ ಎನ್‌ಬಿಎ ಆಯ್ಕೆಗೆ ಹೆಸರು ಕೊಟ್ಟವರು 350ಕ್ಕೂ ಹೆಚ್ಚು. 2025ರಲ್ಲಿ 106 ಮಾತ್ರ. ಅರವತ್ತು ವರ್ಷ ನಿಯಮಗಳಿಂದ ಮಾಡಲಾಗದ್ದನ್ನು ಹಣ ನಾಲ್ಕು ವರ್ಷಗಳಲ್ಲಿ ಮಾಡಿತು. ಹುಡುಗರು ಕಾಲೇಜಿನಲ್ಲಿ ಉಳಿಯುತ್ತಿದ್ದಾರೆ. ಆದರೆ ಹೆಚ್ಚು ಕೊಡುವ ಕಾಲೇಜಿಗೆ ವರ್ಷವರ್ಷವೂ ವರ್ಗವಾಗುವುದು ಈಗ ಸುಲಭವಾದ್ದರಿಂದ, ಅವರು ಓದಿಗಾಗಿಯೇ ಉಳಿಯುತ್ತಿದ್ದಾರೆಂದು ಹೇಳುವಂತಿಲ್ಲ.

ಹಾಗಾದರೆ ಓದಿಗೆ ಬೆಲೆಯೇ ಇಲ್ಲವೇ? ಇದೆ ಎನ್ನುವುದಕ್ಕೆ ನನಗೆ ಪ್ರಿಯವಾದ ಕೆಲವು ಉದಾಹರಣೆಗಳಿವೆ. ಬಿಲ್ ಬ್ರಾಡ್ಲಿ 1965ರಲ್ಲಿ ನ್ಯೂಯಾರ್ಕ್ ತಂಡಕ್ಕೆ ಆಯ್ಕೆಯಾಗಿಯೂ ಎರಡು ವರ್ಷ ಆಕ್ಸ್‌ಫರ್ಡಿನಲ್ಲಿ ಓದಿ ಆಮೇಲೆ ಬಂದು ಆಡಿದ. ಮುಂದೆ ಸೆನೆಟ್ ಸದಸ್ಯನೂ ಆದ. ಮೈಕೆಲ್ ಜೋರ್ಡಾನ್ 1984ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯವನ್ನು ಮೂರನೆಯ ವರ್ಷಕ್ಕೆ ಬಿಟ್ಟರೂ ಮತ್ತೆ ಓದಿ 1986ರಲ್ಲಿ ಭೂಗೋಳದಲ್ಲಿ ಪದವಿ ಪಡೆದ. ಟಿಮ್ ಡಂಕನ್ ಬೇಗ ಹೋದರೆ ಕೋಟಿಗಟ್ಟಲೆ ಹಣವಿದ್ದರೂ, ತೀರಿಹೋದ ತಾಯಿಗೆ ಕೊಟ್ಟ ಮಾತಿನಂತೆ ನಾಲ್ಕು ವರ್ಷ ಓದಿ 1997ರಲ್ಲಿ ಮನಶ್ಶಾಸ್ತ್ರದ ಪದವೀಧರನಾಗಿ ಹೊರಬಂದ.

ಇನ್ನು ವಿನ್ಸ್ ಕಾರ್ಟರ್. 2001ರ ಮೇ 20ರಂದು ಅವನ ಟೊರಾಂಟೊ ತಂಡಕ್ಕೆ ಫಿಲಡೆಲ್ಫಿಯಾದಲ್ಲಿ ನಿರ್ಣಾಯಕ ಪಂದ್ಯ. ಅದೇ ಬೆಳಗ್ಗೆ ಉತ್ತರ ಕೆರೊಲಿನಾದಲ್ಲಿ ಅವನ ಘಟಿಕೋತ್ಸವ. ಆತ ನಿಲುವಂಗಿ ಧರಿಸಿ ಘಟಿಕೋತ್ಸವದಲ್ಲಿ ಭಾಗವಹಿಸಿ, ವಿಮಾನ ಹತ್ತಿ ಪಂದ್ಯಕ್ಕೆ ಬಂದ. ಕೊನೆಯ ಕ್ಷಣದಲ್ಲಿ ಅವನು ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ತಂಡ 88–87ರಿಂದ, ಒಂದೇ ಅಂಕದಿಂದ ಸೋತಿತು. ಪದವಿಯ ಹುಚ್ಚಿಗೆ ಪಂದ್ಯ ಕಳೆದನೆಂದು ಎಷ್ಟೋ ಮಂದಿ ಬೈದರು. ಸೋಲಿಗೂ ಘಟಿಕೋತ್ಸವಕ್ಕೂ ಸಂಬಂಧವಿತ್ತೋ ಇಲ್ಲವೋ, ಆ ಬೆಳಗ್ಗೆ ಆತ ಅಲ್ಲಿದ್ದುದು ನನಗಂತೂ ಸಂತೋಷದ ವಿಷಯ.

ನಮ್ಮ ದೇಶದ ಹುಡುಗನೊಬ್ಬನೂ ಈ ಕಥೆಯಲ್ಲಿದ್ದಾನೆ. ಪಂಜಾಬಿನ ಬಲ್ಲೋ ಕೆ ಗ್ರಾಮದ ರೈತನ ಮಗ ಸತ್ನಾಮ್ ಸಿಂಗ್ 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಫ್ಲೋರಿಡಾದ ತರಬೇತಿ ಶಾಲೆಗೆ ಹೋದ. 2015ರಲ್ಲಿ ಕಾಲೇಜಿಗೆ ಹೋಗದೆಯೇ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದ. ಎನ್‌ಬಿಎಗೆ ಹೀಗೆ ಆಯ್ಕೆಯಾದ ಮೊದಲ ಭಾರತೀಯ. ಆದರೆ ಲೀಗಿನ ಪಂದ್ಯವಾಡುವ ಅವಕಾಶ ಅವನಿಗೆ ಒದಗಲಿಲ್ಲ. ಮುಂದೆ ಆತ ವೃತ್ತಿಪರ ಕುಸ್ತಿಯ ಕಡೆಗೆ ಹೊರಳಿದ. ನಮ್ಮಲ್ಲಿ ಅನಿಲ್ ಕುಂಬ್ಳೆ 1990ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಟೆಸ್ಟ್ ಆಡಿಯೂ ಎಂಜಿನಿಯರಿಂಗ್ ಪದವಿ ಮುಗಿಸಿದರು. ಭಾರತಕ್ಕೆ ಆಡಿ ಹಣ ಪಡೆದೆಯೆಂದು ಕಾಲೇಜಿನ ತಂಡದಿಂದ ಹೊರಹಾಕುವ ನಿಯಮವೊಂದು ಅವರ ಹಾದಿಗೆ ಅಡ್ಡ ಬರಲಿಲ್ಲ.

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರುತ್ತೇನೆ.

1983ರ ಸುಮಾರಿನಲ್ಲಿ ನಮ್ಮ ಮಲೆನಾಡಿನ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಅಡಿಕೆ ತೋಟಗಳಲ್ಲಿ ಕೊನೆ ಇಳಿಸುವ ಕೆಲಸದವನು. ಹುಡುಗನೂ ಮರ ಹತ್ತಿ ಹತ್ತಿ ಕಾಲು ಗಟ್ಟಿಯಾಗಿದ್ದವು. ವಾಲಿಬಾಲಿನಲ್ಲಿ ಅವನು ಎಗರಿ ಹೊಡೆದರೆ ಎದುರಿನವರು ಚೆಂಡನ್ನು ನೋಡುವುದರೊಳಗೆ ಅದು ನೆಲದಲ್ಲಿರುತ್ತಿತ್ತು. ಪಿಯುಸಿ ಓದುತ್ತಿದ್ದಾಗ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದವರು ಅವನ ಆಟ ನೋಡಿ, ಬಂದರೆ ಕೆಲಸ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುತ್ತೇವೆ ಎಂದರು. ತಂದೆ ನನ್ನ ಮನೆಗೆ ಬಂದು ಜಗಲಿಯ ಕೆಳಗೇ ನಿಂತು, "ಏನ್ ಮಾಡ್ಲಿ ಮೇಷ್ಟ್ರೇ?" ಎಂದು ಕೇಳಿದ. ನಾನು, "ಮೊದಲು ಡಿಗ್ರಿ ಆಗಲಿ, ಕೆಲಸ ಎಲ್ಲಿ ಹೋಗುತ್ತದೆ?" ಎಂದೆ. "ನೀವ್ ಹೇಳ್ದಂಗೇ ಆಗ್ಲಿ" ಎಂದು ಕೈಮುಗಿದು ಹೋದ.

ಬಿ.ಎ. ಎರಡನೆಯ ವರ್ಷದಲ್ಲಿ ತಾಲ್ಲೂಕು ಮಟ್ಟದ ಒಂದು ಪಂದ್ಯದಲ್ಲಿ ಹುಡುಗನ ಮೊಣಕಾಲು ತಿರುಚಿತು. ಅಲ್ಲಿಗೆ ಆಟ ಮುಗಿಯಿತು. ಡಿಗ್ರಿ ಆಯಿತು, ಕೆಲಸ ಮಾತ್ರ ಅಲ್ಲಿಯೇ ಕಾಯುತ್ತಿರಲಿಲ್ಲ. ಅನೇಕ ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಸಿಕ್ಕ. ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ. ಕಾಲಿಗೆ ನಮಸ್ಕಾರ ಮಾಡಿ, "ಡಿಗ್ರಿ ಇತ್ತಲ್ಲ ಸಾರ್, ಅದಕ್ಕೇ ಈ ಕೆಲ್ಸ ಆಯ್ತು" ಎಂದ. ಊಟಕ್ಕೆ ಕುಳಿತಾಗ ಪಕ್ಕಕ್ಕೆ ಬಂದು ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ಬೆಂಗ್ಳೂರಿಗೆ ಹೋಗಿದ್ರೆ ಏನಾಗ್ತಿತ್ತೋ ಸಾರ್" ಎಂದ. ದೂರಿನ ದನಿ ಇರಲಿಲ್ಲ. ಆದರೂ ನನಗೆ ಆ ದಿನ ಊಟ ಸೇರಲಿಲ್ಲ.

ನನ್ನ ಸಲಹೆ ತಪ್ಪಾಗಿತ್ತೇ? ಈಗಲೂ ಖಚಿತವಾಗಿ ಹೇಳಲಾರೆ. ಅವನು ಬೆಂಗಳೂರಿಗೆ ಹೋಗಿದ್ದರೆ ಅಲ್ಲಿಯೂ ಮೊಣಕಾಲು ಮುರಿಯಬಹುದಿತ್ತು. ಆಗ ಡಿಗ್ರಿಯೂ ಇರುತ್ತಿರಲಿಲ್ಲ. ಆದರೆ ಅಮೆರಿಕದ ಈ ಹುಡುಗರ ಕಥೆ ಓದುವಾಗ ಒಂದು ವಿಷಯ ಮನದಟ್ಟಾಯಿತು. 'ಕಾಯಿರಿ' ಎಂದು ಹೇಳಿದವರಲ್ಲಿ ಯಾರಿಗೂ ಕಾಯುವುದರಿಂದ ನಷ್ಟವಿರಲಿಲ್ಲ. ಕಾಲೇಜುಗಳಿಗೆ ಲಾಭವಿತ್ತು, ತಂಡದ ಮಾಲೀಕರಿಗೆ ಲಾಭವಿತ್ತು. ನನಗೆ ಲಾಭವಿರಲಿಲ್ಲ, ನಿಜ. ಆದರೆ ಮೊಣಕಾಲು ನನ್ನದಾಗಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಓದಬಹುದೇ ಎಂದು ನಾನು ವಿಚಾರಿಸಲೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ದಿನ ಜಗಲಿಯ ಬಳಿ ತಂದೆಯ ಹಿಂದೆ ಹುಡುಗನೂ ನಿಂತಿದ್ದ. ನಾನು ಅವನನ್ನು ಒಂದು ಮಾತೂ ಕೇಳಲಿಲ್ಲ.

ತಂಗಿಯ ಮಗಳಿಗೆ ನಾನು ಕಳಿಸುವ ಉತ್ತರ ಇಷ್ಟೇ. ಆ ಹುಡುಗನಿಗೆ ಸಲಹೆ ಹೇಳುವವರು ಮೊದಲು ಅವನ ಮನೆಯ ಸ್ಥಿತಿಯನ್ನು ತಿಳಿಯಲಿ. ಹೋಗೆಂದರೆ ಮರಳಿ ಓದಲು ಒಂದು ದಾರಿ ತೋರಿಸಲಿ. ಇರು ಎಂದರೆ ಇರುವುದರಿಂದ ಆಗಬಹುದಾದ ನಷ್ಟದಲ್ಲಿ ಪಾಲುದಾರರಾಗಲಿ. ಅವನು ಏನನ್ನು ಓದಲು ಇಷ್ಟಪಡುತ್ತಾನೆಂದು ಒಬ್ಬರಾದರೂ ಕೇಳಲಿ. ನೀನೇ ಕೇಳಿದರೂ ಆದೀತು, ಮಗಳೇ.

ನನ್ನ ವಿದ್ಯಾರ್ಥಿಗಳಲ್ಲಿ ಆಟಕ್ಕಾಗಿ ಓದು ಬಿಟ್ಟವರೂ, ಓದಿಗಾಗಿ ಆಟ ಬಿಟ್ಟವರೂ ಇದ್ದೀರಿ. ಬಿಡುವಾದಾಗ ನಿಮ್ಮ ಅನುಭವವನ್ನು ಎರಡು ಸಾಲು ಬರೆಯಿರಿ. ನನ್ನ ಮಾತು ಕೇಳಿ ಕೆಟ್ಟವರಿದ್ದರೆ ಅವರೂ ಸಂಕೋಚವಿಲ್ಲದೆ ಬರೆಯಿರಿ. ಈ ವಯಸ್ಸಿನಲ್ಲಿ ಕಲಿಯಲು ನನಗೇನೂ ಬೇಸರವಿಲ್ಲ.

ಎಲ್ಲರಿಗೂ ಶುಭವಾಗಲಿ.